ಒಂದಕ್ಷರದ ತಪ್ಪು

ಅಚ್ಚಿನ ತಪ್ಪನ್ನು ಕಂಡು ಸಂತೋಷಪಡುವವರು ಲೋಕದಲ್ಲಿ ಇರಬಹುದೆಂದು ನಮ್ಮಲ್ಲಿ ಯಾರೂ ಎಣಿಸುವುದಿಲ್ಲ. ಬರೆದವನಿಗೆ ಅದು ಹೊಟ್ಟೆಯುರಿ, ಅಚ್ಚುಕೂಟದವನಿಗೆ ಅವಮಾನ, ಓದುವವನಿಗೆ ತೊಡಕು. ಅದಕ್ಕಾಗಿಯೇ ನಮ್ಮ ಹಿರಿಯರು ಆ ತಪ್ಪುಗಳನ್ನೆಲ್ಲ ಮುದ್ರಾರಾಕ್ಷಸನ ತಲೆಗೆ ಕಟ್ಟಿ, ಪುಸ್ತಕದ ಕೊನೆಗೊಂದು ಒಪ್ಪೋಲೆಯನ್ನು ಸೇರಿಸಿ ಸಮಾಧಾನ ಪಡುತ್ತಿದ್ದರು. ಆದರೆ ಅಮೆರಿಕ ದೇಶದಲ್ಲಿ ಆ ರಾಕ್ಷಸನು ಒಮ್ಮೆ ಒಬ್ಬ ಆಟಗಾರನ ಹೆಸರಿನಲ್ಲಿ ಒಂದಕ್ಷರವನ್ನು ಕೆಡಿಸಿದನು. ಆ ಕೆಟ್ಟ ಅಕ್ಷರವಿರುವ ಚೀಟಿಗೆ ಇಂದು ಸರಿಯಾದ ಚೀಟಿಗಿಂತ ಹಲವು ಪಟ್ಟು ಹೆಚ್ಚಿನ ಬೆಲೆ! ಆ ಆಟಗಾರನ ಹೆಸರು ಷೆರ್ವುಡ್ ರಾಬರ್ಟ್ ಮಗೀ. ಜನರು ಕರೆಯುತ್ತಿದ್ದುದು ಷೆರ್ರಿ ಮಗೀ ಎಂದು. ಆತನ ಬಾಳನ್ನೂ ಆ ತಪ್ಪಿನ ಬೆಲೆಯನ್ನೂ ಜೊತೆಗೂಡಿಸಿ ನನ್ನ ಸಹಪಾಠಿಗಳಿಗೂ ಗುರುಗಳಿಗೂ ಹೇಳಬೇಕೆಂಬುದು ಈ ಲೇಖನದ ಉದ್ದೇಶ.

ನಾನು ಬೇಸ್‌ಬಾಲ್ ಆಡಿದವನಲ್ಲ. ನನಗೆ ಆಟಕ್ಕಿಂತ ಅಚ್ಚಿನ ಮೇಲೆಯೇ ಹೆಚ್ಚು ಆಸಕ್ತಿ. ಆದರೂ ಕ್ರಿಕೆಟ್ಟನ್ನು ಬಲ್ಲವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಇಲ್ಲಿಯೂ ಚೆಂಡೆಸೆಯುವವನೊಬ್ಬ, ದಾಂಡು ಹಿಡಿದವನೊಬ್ಬ, ತೀರ್ಪು ಹೇಳುವ ಅಂಪೈರೊಬ್ಬ. ಹೊಡೆಯಬಹುದಾದ ಎಸೆತವನ್ನು ದಾಂಡಿಗನು ಹೊಡೆಯದೆ ಬಿಟ್ಟರೂ, ಬೀಸಿ ತಪ್ಪಿದರೂ ಅದೊಂದು ಲೆಕ್ಕ. ಅಂಥವು ಮೂರಾದರೆ ಆತನು ಔಟು. ಬಿಟ್ಟ ಎಸೆತವು ಹೊಡೆಯಬಹುದಾದುದೋ ಅಲ್ಲವೋ ಎಂದು ನಿರ್ಣಯಿಸುವ ಅಧಿಕಾರ ಅಂಪೈರಿನದು. ನೂರು ಸಲ ಪ್ರಯತ್ನಿಸಿ ಮೂವತ್ತು ಸಲ ಸರಿಯಾಗಿ ಹೊಡೆದು ಗಡಿ ಮುಟ್ಟಿದವನನ್ನು ಆ ದೇಶದವರು ಉತ್ತಮ ದಾಂಡಿಗನೆಂದು ಕೊಂಡಾಡುತ್ತಾರೆ. ಇಷ್ಟು ತಿಳಿದರೆ ಮಗೀಯ ಕಥೆಗೆ ಸಾಕು.

ಮಗೀ ಹುಟ್ಟಿದ್ದು 1884ನೆಯ ಆಗಸ್ಟ್ 6ರಂದು, ಪೆನ್ಸಿಲ್ವೇನಿಯಾ ಸಂಸ್ಥಾನದ ಕ್ಲಾರೆಂಡನ್ ಎಂಬ ಸಣ್ಣ ಊರಿನಲ್ಲಿ. 1904ರ ಜೂನ್ ತಿಂಗಳಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಆತನು ಫಿಲಡೆಲ್ಫಿಯಾ ನಗರದ ಫಿಲೀಸ್ ತಂಡವನ್ನು ಸೇರಿದನು. ನಮ್ಮಲ್ಲಿ ಕಾಲೇಜಿನ ಎರಡನೆಯ ವರ್ಷದಲ್ಲಿರುವ ಹುಡುಗನ ವಯಸ್ಸು ಅದು. ಮೈದಾನದ ಎಡಮೂಲೆ ಆತನ ಕಾವಲು. ಓಟದಲ್ಲಿ ಚುರುಕು, ಎಸೆತದಲ್ಲಿ ಬಲ, ದಾಂಡಿನಲ್ಲಿ ಧೈರ್ಯ, ಈ ಮೂರೂ ಒಬ್ಬನಲ್ಲಿ ಕೂಡುವುದು ಅಪರೂಪ. ಅವುಗಳ ಜೊತೆಗೆ ನಾಲ್ಕನೆಯದೊಂದು ಗುಣವೂ ಆತನಲ್ಲಿತ್ತು, ಅದು ಸಿಟ್ಟು. ಅದರ ಮಾತು ಮುಂದೆ ಬರುತ್ತದೆ.

ಆ ಕಾಲಕ್ಕೆ ನ್ಯಾಷನಲ್ ಲೀಗಿನ ಚಕ್ರವರ್ತಿಯಂತಿದ್ದವನು ಪಿಟ್ಸ್‌ಬರ್ಗ್ ತಂಡದ ಹೋನಸ್ ವ್ಯಾಗ್ನರ್. 1906ರಿಂದ 1909ರವರೆಗೆ ಸತತವಾಗಿ ನಾಲ್ಕು ವರ್ಷ ದಾಂಡಿಗರ ಪಟ್ಟಿಯಲ್ಲಿ ಮೊದಲ ಸ್ಥಾನ ಅವನದೇ. 1910ರಲ್ಲಿ ಆ ಪಟ್ಟವನ್ನು ಅವನಿಂದ ಕಿತ್ತುಕೊಂಡವನು ಮಗೀ. ಆ ವರ್ಷ ಸಾವಿರಕ್ಕೆ 331ರ ಸರಾಸರಿ ಆತನದು. ಜೊತೆಗಾರರನ್ನು ಮನೆ ಮುಟ್ಟಿಸಿ ತಂಡಕ್ಕೆ ಗಳಿಸಿಕೊಟ್ಟ ಓಟಗಳಂತೂ 123. ಅದರಲ್ಲಿಯೂ ಆತನೇ ಮೊದಲಿಗ. ಈ ಎರಡನೆಯ ಲೆಕ್ಕದಲ್ಲಿ 1907, 1910, 1914 ಮತ್ತು 1918, ಹೀಗೆ ನಾಲ್ಕು ವರ್ಷ ಆತನನ್ನು ಮೀರಿಸಿದವರು ಲೀಗಿನಲ್ಲಿ ಇರಲಿಲ್ಲ.

ಇನ್ನು ಚೀಟಿಗಳ ವಿಷಯ. ಅಮೆರಿಕನ್ ಟೊಬ್ಯಾಕೋ ಕಂಪೆನಿಯು 1909ರಿಂದ 1911ರವರೆಗೆ ತನ್ನ ಸಿಗರೇಟು ಪೊಟ್ಟಣಗಳಲ್ಲಿ ಒಂದೊಂದು ಬಣ್ಣದ ಚಿತ್ರವನ್ನು ಇಟ್ಟು ಮಾರಿತು. ಮೆತ್ತನೆಯ ಪೊಟ್ಟಣವು ಮುದುರಿ ಸಿಗರೇಟು ಮುರಿಯದಂತೆ ಒಳಗೊಂದು ರಟ್ಟಿನ ತುಂಡನ್ನಿಡುವ ರೂಢಿ ಮೊದಲೇ ಇದ್ದಿತು. ಆ ರಟ್ಟಿನ ಮೇಲೆ ಆಟಗಾರನ ಚಿತ್ರವನ್ನು ಅಚ್ಚು ಮಾಡಿದರೆ ಗಿರಾಕಿಯು ಮತ್ತೊಂದು ಪೊಟ್ಟಣಕ್ಕೆ ಆಸೆಪಡುತ್ತಾನೆಂಬುದು ವ್ಯಾಪಾರದ ಜಾಣತನ. ಅಗಲ ಒಂದೂವರೆ ಅಂಗುಲಕ್ಕಿಂತ ತುಸು ಕಡಿಮೆ, ಎತ್ತರ ಎರಡೂವರೆ ಅಂಗುಲಕ್ಕಿಂತ ತುಸು ಹೆಚ್ಚು. ಅಷ್ಟೇ ಅದರ ಗಾತ್ರ. ಮುಂಭಾಗದಲ್ಲಿ ಚಿತ್ರ, ಅದರ ಕೆಳಗೆ ಆಟಗಾರನ ಹೆಸರು ಮತ್ತು ಊರು. ಹಿಂಭಾಗದಲ್ಲಿ ಸಿಗರೇಟಿನ ಜಾಹೀರಾತು. ಇಂತಹ 500ಕ್ಕೂ ಹೆಚ್ಚು ಬಗೆಯ ಚೀಟಿಗಳು ಈ ಮಾಲೆಯಲ್ಲಿ ಬಂದವು. ಅವುಗಳಲ್ಲಿ ಹೆಚ್ಚಿನವು ಸಾವಿರಾರು ಪ್ರತಿಗಳಾಗಿ ಹೊರಬಿದ್ದವು.

ಇವುಗಳನ್ನು ಮುದ್ರಿಸಿದ್ದು ಅಮೆರಿಕನ್ ಲಿಥೋಗ್ರಫಿಕ್ ಕಂಪೆನಿ. ಇದು ಮೊಳೆ ಜೋಡಿಸಿ ಒತ್ತುವ ಅಚ್ಚಲ್ಲ, ಕಲ್ಲಚ್ಚಿನ ಜಾತಿಯದು. ಎಣ್ಣೆಗೂ ನೀರಿಗೂ ಕೂಡಿಬರುವುದಿಲ್ಲವೆಂಬ ಸಾಮಾನ್ಯ ಸಂಗತಿಯೇ ಅದರ ಮೂಲತತ್ತ್ವ. ಜಿಡ್ಡಿನ ಶಾಯಿಯಿಂದ ಬರೆದ ಭಾಗವು ಬಣ್ಣವನ್ನು ಹಿಡಿಯುತ್ತದೆ, ನೀರು ಹೀರಿದ ಭಾಗವು ಬಿಡುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಸಲ ಹಾಳೆಯನ್ನು ಒತ್ತಬೇಕು. ಹಾಳೆ ಕೂದಲೆಳೆಯಷ್ಟು ಸರಿದರೂ ಆಟಗಾರನ ತುಟಿಯ ಕೆಂಪು ಕೆನ್ನೆಗೆ ಹತ್ತುತ್ತದೆ. ಒಂದು ಬಣ್ಣವನ್ನು ಮರೆತರೆ ಮುಖವೇ ಪೇಲವವಾಗುತ್ತದೆ. ಕೊನೆಗೆ ಹಾಳೆಯನ್ನು ಕತ್ತರಿಸುವವನ ಕೈ ತಪ್ಪಿದರೆ ಒಬ್ಬನ ತಲೆಯ ಮೇಲೆ ಮತ್ತೊಬ್ಬನ ಹೆಸರು ಉಳಿಯುತ್ತದೆ. ಇಂತಹ ಎಲ್ಲ ಬಗೆಯ ತಪ್ಪುಗಳೂ ಈ ಮಾಲೆಯಲ್ಲಿ ಉಂಟು. ಆದರೆ ಅವೆಲ್ಲ ಒತ್ತುವಾಗ, ಕತ್ತರಿಸುವಾಗ ಆದ ತಪ್ಪುಗಳು. ಮಗೀಯ ಹೆಸರಿನಲ್ಲಿ ಆದದ್ದು ಬರೆಯುವಾಗಲೇ ಆದ ತಪ್ಪು.

ಆತನ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಎಂ, ಎ, ಜಿ, ಇ, ಇ ಎಂಬ ಐದು ಅಕ್ಷರಗಳು. ಆತನ ಮುಖಚಿತ್ರದ ಚೀಟಿಯ ಮೇಲೆ ಮೊದಲು ಬಿದ್ದದ್ದು ಎಂ, ಎ, ಜಿ, ಐ, ಇ. ನಾಲ್ಕನೆಯ ಅಕ್ಷರವೊಂದು ಬದಲಾಯಿತು, ಅಷ್ಟೆ. ಉಚ್ಚಾರಣೆಗೆ ಅದರಿಂದ ಭಂಗವೇನೂ ಇಲ್ಲ. ತಪ್ಪು ಬೇಗನೆ ಯಾರದೋ ಕಣ್ಣಿಗೆ ಬಿದ್ದಿತು, ತಿದ್ದಲಾಯಿತು. ಆದ್ದರಿಂದ ತಪ್ಪು ಹೆಸರಿನ ಚೀಟಿಗಳು ಮಾಲೆಯ ಆರಂಭದಲ್ಲಿ, ಪೀಡ್ಮಂಟ್ ಎಂಬ ಒಂದೇ ಸಿಗರೇಟಿನ ಜಾಹೀರಾತಿನೊಡನೆ ಮಾತ್ರ ದೊರೆಯುತ್ತವೆ. ತಿದ್ದಿದ ಹೆಸರಿನ ಚೀಟಿಗಳೋ ಬೇಕಾದಷ್ಟು ಉಂಟು. ಇದೇ ಮಾಲೆಯಲ್ಲಿ ಜೋ ಡಾಯಲ್ ಎಂಬ ಇನ್ನೊಬ್ಬನಿಗೂ ಇಂತಹದೇ ಗತಿ ಬಂದಿತು. ನ್ಯೂಯಾರ್ಕಿನಲ್ಲಿ ಎರಡು ತಂಡಗಳು, ಎರಡರಲ್ಲಿಯೂ ಒಬ್ಬೊಬ್ಬ ಡಾಯಲ್. ಅಮೆರಿಕನ್ ಲೀಗಿನ ಈ ಡಾಯಲ್‌ನನ್ನು ಚೀಟಿಯವರು ನ್ಯಾಷನಲ್ ಲೀಗಿಗೆ ಸೇರಿಸಿಬಿಟ್ಟರು. ಅದನ್ನೂ ಬೇಗನೆ ತಿದ್ದಿದರು; ತಪ್ಪು ಚೀಟಿಗಳು ಬೆರಳೆಣಿಕೆಯಷ್ಟೇ ಉಳಿದಿವೆ.

ಚೀಟಿಯ ತಪ್ಪು ಹೀಗೆ ಸದ್ದಿಲ್ಲದೆ ತಿದ್ದಿಹೋಯಿತು. ಮಗೀಯ ಬಾಳಿನ ತಪ್ಪಿಗೆ ಅಂತಹ ಅದೃಷ್ಟವಿರಲಿಲ್ಲ. 1911ನೆಯ ಜುಲೈ 10ರಂದು ಫಿಲಡೆಲ್ಫಿಯಾದಲ್ಲಿ ಸೇಂಟ್ ಲೂಯಿ ತಂಡದೊಡನೆ ಪಂದ್ಯ ನಡೆಯುತ್ತಿತ್ತು. ಬಿಲ್ ಫಿನ್ನೆರನ್ ಎಂಬ ಅಂಪೈರನು ಆತನಿಗೆ ಮೂರನೆಯ ಎಸೆತವನ್ನು ಲೆಕ್ಕ ಹಾಕಿ ಔಟ್ ಎಂದನು. ಮಗೀ ಬೇಸರದಿಂದ ದಾಂಡನ್ನು ಮೇಲಕ್ಕೆ ತೂರಿದನು. ಅಂಪೈರನು ಆತನನ್ನು ಮೈದಾನದಿಂದ ಹೊರಗೆ ಕಳಿಸಿದನು. ಹೊರಡುತ್ತಿದ್ದ ಮಗೀ ಹಿಂದಿರುಗಿ ಬಂದು ಒಂದೇ ಏಟಿಗೆ ಅಂಪೈರನನ್ನು ನೆಲಕ್ಕೆ ಕೆಡವಿದನು. ಲೀಗಿನ ಅಧ್ಯಕ್ಷನಾಗಿದ್ದ ಥಾಮಸ್ ಲಿಂಚ್ ತಾನೂ ಹಿಂದೆ ಅಂಪೈರನಾಗಿದ್ದವನು. ಆತನು 200 ಡಾಲರ್ ದಂಡ ವಿಧಿಸಿ, ಆ ವರ್ಷದ ಉಳಿದ ಆಟವನ್ನೆಲ್ಲ ನಿಷೇಧಿಸಿದನು. ಮೇಲ್ಮನವಿಯ ಮೇಲೆ ಶಿಕ್ಷೆಯು ಸುಮಾರು ಐದು ವಾರಗಳಿಗೆ ಇಳಿಯಿತು. ಆದರೆ ಹೆಸರಿಗೆ ಹತ್ತಿದ ಮಸಿಯನ್ನು ಐದು ವಾರಗಳಲ್ಲಿ ಒರೆಸಲಾಗುತ್ತದೆಯೆ?

ಹಿಂದಿನ ವರ್ಷ ವ್ಯಾಗ್ನರನ ಪಟ್ಟವನ್ನು ಗೆದ್ದವನಿಗೆ ಈ ವರ್ಷ ಇಂತಹ ಅಪಕೀರ್ತಿ! ಆದರೂ ಆತನು ಆಟದಲ್ಲಿ ಕುಂದಲಿಲ್ಲ. 1914ರಲ್ಲಿ ತಂಡದ ನಾಯಕನಾಗಿ ಲೀಗಿನ ಶ್ರೇಷ್ಠರ ಸಾಲಿನಲ್ಲಿ ನಿಂತನು. ತಂಡದ ಮ್ಯಾನೇಜರ್ ಪದವಿ ತನಗೇ ಬರುವುದೆಂದು ಆಸೆಪಟ್ಟಿದ್ದನು. ಅದು ಪ್ಯಾಟ್ ಮೋರನ್ ಎಂಬಾತನ ಪಾಲಾಯಿತು. ಮಗೀ ಬಾಸ್ಟನ್ ತಂಡಕ್ಕೆ ಹೋದನು. ವಿಧಿಯ ಆಟ ನೋಡಿ! ಆತನು ಹನ್ನೊಂದು ವರ್ಷ ದುಡಿದ ಫಿಲೀಸ್ ತಂಡವು ಆತನು ಬಿಟ್ಟ ಮರುವರ್ಷವೇ, 1915ರಲ್ಲಿ, ಮೊತ್ತಮೊದಲ ಬಾರಿಗೆ ಲೀಗಿನ ಪ್ರಶಸ್ತಿಯನ್ನು ಗೆದ್ದಿತು. 1917ರಲ್ಲಿ ಮಗೀ ಸಿನ್ಸಿನಾಟಿ ತಂಡವನ್ನು ಸೇರಿದನು. 1919ರಲ್ಲಿ ಕಾಯಿಲೆಯಿಂದ ಬಹಳ ದಿನ ಆಡಲಾಗಲಿಲ್ಲ. ಆದರೂ ಆ ವರ್ಷ ಸಿನ್ಸಿನಾಟಿಯು ವರ್ಲ್ಡ್ ಸೀರೀಸ್ ಗೆದ್ದಾಗ ಬದಲಿ ದಾಂಡಿಗನಾಗಿ ಎರಡು ಸಲ ದಾಂಡು ಹಿಡಿದು ಒಮ್ಮೆ ಯಶಸ್ವಿಯಾದನು. ಆಗ ಆ ತಂಡದ ಮ್ಯಾನೇಜರ್ ಅದೇ ಪ್ಯಾಟ್ ಮೋರನ್! ಆ ಗೆಲುವಿಗೂ ಕಳಂಕ ತಪ್ಪಲಿಲ್ಲ. ಎದುರು ಪಕ್ಷವಾದ ಷಿಕಾಗೋ ತಂಡದ ಆಟಗಾರರು ಹಣ ಪಡೆದು ಸೋತರೆಂಬ ಹಗರಣವು ಮರುವರ್ಷ ಬಯಲಾಯಿತು. ಹದಿನಾರು ವರ್ಷಗಳ ಆಟದಲ್ಲಿ ಮಗೀ ಗಳಿಸಿದ ಯಶಸ್ವೀ ಹೊಡೆತಗಳು 2,169. ಕದ್ದ ಗಡಿಗಳು 441.

ಇದಾದ ಮೇಲೆ ಆತನು ಕೆಲವು ಕಾಲ ಸಣ್ಣ ಲೀಗುಗಳಲ್ಲಿ ಆಡಿದನು. ಬಳಿಕ ಕೈಗೊಂಡ ಉದ್ಯೋಗವು ಓದುಗರಿಗೆ ಅಚ್ಚರಿಯೆನಿಸಬಹುದು. ಮಗೀ ಅಂಪೈರನಾದನು! ಮೊದಲು ಸಣ್ಣ ಲೀಗಿನಲ್ಲಿ. 1928ರಲ್ಲಿ ನ್ಯಾಷನಲ್ ಲೀಗಿನಲ್ಲಿಯೇ. ಹದಿನೇಳು ವರ್ಷಗಳ ಹಿಂದೆ ಯಾವ ಲೀಗು ಆತನನ್ನು ಅಂಪೈರನ ಮೇಲೆ ಕೈಮಾಡಿದ್ದಕ್ಕಾಗಿ ಹೊರಗಿಟ್ಟಿತ್ತೋ, ಅದೇ ಲೀಗು ಆತನ ಕೈಗೆ ತೀರ್ಪಿನ ಅಧಿಕಾರವನ್ನು ಕೊಟ್ಟಿತು. ಆದರೆ ಈ ಎರಡನೆಯ ಬಾಳು ಬೆಳೆಯಲಿಲ್ಲ. 1929ನೆಯ ಮಾರ್ಚ್ 13ರಂದು ಫಿಲಡೆಲ್ಫಿಯಾದಲ್ಲಿ ನ್ಯುಮೋನಿಯಾದಿಂದ ಆತನು ತೀರಿಕೊಂಡನು. ವಯಸ್ಸು ನಲವತ್ತನಾಲ್ಕು.

ಆತನು ಸತ್ತಾಗ ಆ ಚೀಟಿಗೆ ಬೆಲೆಯೆಂಬುದೇ ಇರಲಿಲ್ಲವೆನ್ನಬಹುದು. ಬೆಲೆ ಹುಟ್ಟಬೇಕಾದರೆ ಮೊದಲು ಲೆಕ್ಕವಿಡುವವನು ಹುಟ್ಟಬೇಕು. ಸಿರಕ್ಯೂಸ್ ಊರಿನ ಜೆಫರ್ಸನ್ ಬರ್ಡಿಕ್ ಎಂಬಾತನು ಆ ಕೆಲಸಕ್ಕೆ ಕೈಹಾಕಿದನು. ಕೀಲುನೋವಿನಿಂದ ನರಳುತ್ತಿದ್ದ, ಸಾಧಾರಣ ಸಂಪಾದನೆಯ ಮನುಷ್ಯನೀತ. ದೇಶದಲ್ಲಿ ಅಚ್ಚಾದ ಚೀಟಿಗಳನ್ನೆಲ್ಲ ವಿಂಗಡಿಸಿ, ಒಂದೊಂದು ಮಾಲೆಗೂ ಗುರುತು ಕೊಟ್ಟು ಸೂಚಿಯನ್ನು ಪ್ರಕಟಿಸಿದನು. ಮಗೀಯ ಚೀಟಿಯಿರುವ ಮಾಲೆಗೆ ಟಿ-206 ಎಂಬ ಹೆಸರು ಬಂದದ್ದು ಅವನಿಂದಲೇ. ತನ್ನ 3,00,000ಕ್ಕೂ ಹೆಚ್ಚಿನ ಸಂಗ್ರಹವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ದಾನವಾಗಿ ಕೊಟ್ಟು, ತಾನೇ ಕುಳಿತು ಪುಟಗಳಿಗೆ ಅಂಟಿಸಿ, ಆ ಕೆಲಸ ಮುಗಿದ 1963ರಲ್ಲಿಯೇ ಕಣ್ಣು ಮುಚ್ಚಿದನು. ಇಂದು ಈ ಮಾಲೆಯಲ್ಲಿ ಅತ್ಯಂತ ಬೆಲೆಬಾಳುವವೆಂದು ನಾಲ್ಕು ಚೀಟಿಗಳನ್ನು ಎಣಿಸುತ್ತಾರೆ: ವ್ಯಾಗ್ನರ್, ಎಡ್ಡಿ ಪ್ಲ್ಯಾಂಕ್, ಹೆಸರು ತಪ್ಪಿದ ಮಗೀ, ಲೀಗು ತಪ್ಪಿದ ಡಾಯಲ್. ವ್ಯಾಗ್ನರನ ಚೀಟಿಯಲ್ಲಿ ತಪ್ಪೇನೂ ಇಲ್ಲ. ಅವನೇ ಒಪ್ಪದೆ ಅಚ್ಚನ್ನು ನಿಲ್ಲಿಸಿದ್ದರಿಂದ ಅದು ವಿರಳವಾಯಿತು. ಅಂತಹ ಒಂದು ಚೀಟಿ 2022ರಲ್ಲಿ 72,50,000 ಡಾಲರಿಗೆ ಮಾರಾಟವಾಯಿತು. ದಾಂಡಿನಲ್ಲಿ ವ್ಯಾಗ್ನರನನ್ನು ಒಮ್ಮೆ ಮೀರಿಸಿದ ಮಗೀ, ಕಾಗದದ ಮೇಲೆ ಅವನ ಪಕ್ಕದಲ್ಲಿಯೇ ಕುಳಿತಿದ್ದಾನೆ.

ಹಾಗಾದರೆ ತಪ್ಪುಗಳಿಗೆಲ್ಲ ಬೆಲೆಯುಂಟೆ? ಇಲ್ಲ. 1957ರಲ್ಲಿ ಟಾಪ್ಸ್ ಕಂಪೆನಿಯು ಹ್ಯಾಂಕ್ ಏರನ್ ಎಂಬ ಮಹಾ ದಾಂಡಿಗನ ಚಿತ್ರವನ್ನು ಎಡಬಲ ತಿರುಗಿಸಿ ಅಚ್ಚು ಮಾಡಿತು. ಬಲಗೈ ಆಟಗಾರನು ಎಡಗೈಯವನಾದನು. ಅದನ್ನು ತಿದ್ದಲೇ ಇಲ್ಲ. ಎಲ್ಲ ಪ್ರತಿಗಳಲ್ಲಿಯೂ ಅದೇ ತಪ್ಪು ಇರುವುದರಿಂದ ತಪ್ಪಿಗೆಂದು ಬೇರೆ ಬೆಲೆ ಇಲ್ಲ. 1981ರಲ್ಲಿ ಫ್ಲೀರ್ ಕಂಪೆನಿಯು ಗ್ರೇಗ್ ನೆಟಲ್ಸ್ ಎಂಬವನ ಹೆಸರಿನ ಮೊದಲ ಅಕ್ಷರವನ್ನು ತಪ್ಪಾಗಿ ಅಚ್ಚು ಮಾಡಿ, ಬಳಿಕ ತಿದ್ದಿತು. ಇದೂ ಒಂದಕ್ಷರದ ತಪ್ಪೇ. ಜನ ಮುಗಿಬಿದ್ದು ಹುಡುಕಿದರು, ಬೆಲೆ ಏರಿತು, ಮತ್ತೆ ಇಳಿಯಿತು; ಏಕೆಂದರೆ ಆ ಕಾಲದಲ್ಲಿ ಚೀಟಿಗಳನ್ನು ಜನ ಮೊದಲ ದಿನದಿಂದಲೇ ಜೋಪಾನ ಮಾಡುತ್ತಿದ್ದರು. ಮಗೀಯ ಚೀಟಿಯನ್ನು 1909ರಲ್ಲಿ ಯಾರೂ ಜೋಪಾನ ಮಾಡಲಿಲ್ಲ. ಹುಡುಗರ ಜೇಬಿನಲ್ಲಿ ಮುದುರಿತು, ಕಸಕ್ಕೆ ಹೋಯಿತು. ನನಗೆ ತೋರುವ ಮಟ್ಟಿಗೆ ತಪ್ಪಿಗೆ ಬೆಲೆ ಬರಲು ಮೂರು ಕೂಡಬೇಕು: ತಪ್ಪು ಬೇಗ ತಿದ್ದಿಹೋಗಬೇಕು, ತಪ್ಪಿದ ಪ್ರತಿಗಳು ಬಹುಮಟ್ಟಿಗೆ ನಾಶವಾಗಬೇಕು, ಉಳಿದುದನ್ನು ಬಯಸುವವರು ಹಲವರಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಅದು ಬರಿಯ ಕಾಗದ.

ಸಹಪಾಠಿಗಳೆ, ಈ ಕಥೆಯಲ್ಲಿ ನನ್ನ ಮನಸ್ಸನ್ನು ಕಲಕಿದ್ದು ಚೀಟಿಯ ಬೆಲೆಯಲ್ಲ. ಎರಡು ಸಾವಿರಕ್ಕೂ ಹೆಚ್ಚು ಸಲ ಚೆಂಡನ್ನು ಸರಿಯಾಗಿ ಹೊಡೆದವನಿಗೆ ಆ ಆಟದ ಕೀರ್ತಿಮಂದಿರದಲ್ಲಿ ಸ್ಥಾನ ದೊರೆತಿಲ್ಲ. ಬೇರೊಬ್ಬನು ಒಂದಕ್ಷರವನ್ನು ತಪ್ಪಾಗಿ ಬರೆದುದರಿಂದ ಆತನ ಹೆಸರು ಉಳಿಯಿತು, ಅದೂ ಆತನದಲ್ಲದ ಕಾಗುಣಿತದಲ್ಲಿ. ಇದು ನ್ಯಾಯವೆ ಎಂದು ನನ್ನನ್ನು ಕೇಳಿದರೆ ನಾನು ಅಲ್ಲವೆಂದೇ ಹೇಳುತ್ತೇನೆ. ಹೆಸರಿನ ತಪ್ಪನ್ನು ಅಚ್ಚಿನವನು ಹಾಳೆಯ ಮೇಲೆ ತಿದ್ದಿದನು. ಅದನ್ನು ಕೋಶಗಳಲ್ಲಿ ಬರೆದಿಟ್ಟಿದ್ದಾರೆ. 1911ರ ತಪ್ಪನ್ನು ಮಗೀ ತಾನೇ ಅಂಪೈರನ ಜಾಗದಲ್ಲಿ ನಿಂತು ತಿದ್ದಿಕೊಂಡನು. ಅದನ್ನು ನೆನೆಯುವವರು ಕಡಿಮೆ. ಆ ಚೀಟಿಯನ್ನು ಲಕ್ಷಗಟ್ಟಲೆ ಕೊಟ್ಟು ಕೊಳ್ಳುವವರು ಅದರ ನಾಲ್ಕನೆಯ ಅಕ್ಷರವನ್ನು ಮೊದಲು ನೋಡುತ್ತಾರೆ. ಅದರ ಮೇಲಿರುವ ಇಪ್ಪತ್ತೈದರ ತರುಣನ ಮುಖವನ್ನೂ ಅವರು ಒಮ್ಮೆ ನೋಡಲಿ.