ಊಟದ ಹಣದಲ್ಲಿ ಪುಸ್ತಕ ಕೊಂಡ ಅಪ್ರೆಂಟಿಸ್: ಬೆಂಜಮಿನ್ ಫ್ರಾಂಕ್ಲಿನ್

ಸಿಡಿಲಿನಲ್ಲಿರುವುದು ವಿದ್ಯುತ್ತೇ ಎಂದು ತೋರಿಸಿದ ವಿಜ್ಞಾನಿಯೆಂದೂ, 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ರುಜು ಹಾಕಿದ ಮುತ್ಸದ್ದಿಯೆಂದೂ ಬೆಂಜಮಿನ್ ಫ್ರಾಂಕ್ಲಿನನ ಹೆಸರನ್ನು ನಮ್ಮ ವಾಚಕರಲ್ಲಿ ಬಹುಮಂದಿ ಬಲ್ಲರು. ಆದರೆ 1788ರಲ್ಲಿ ಮರಣಪತ್ರವನ್ನು ಬರೆಯಿಸುವಾಗ ಆತನು ತನ್ನನ್ನು ಮೊದಲು ಮುದ್ರಕನೆಂದೇ ಹೇಳಿಕೊಂಡನು. ರಾಯಭಾರಿಯಾಗಿದ್ದ ಮಾತು ಅದರ ಅನಂತರ ಬಂದಿತು. ಆ ಮುದ್ರಣದ ಕಸಬನ್ನು ಆತನು ಕಲಿತದ್ದು ಸಂಬಳವಿಲ್ಲದ ಅಪ್ರೆಂಟಿಸನಾಗಿ.

1706ರ ಜನವರಿ 17ರಂದು ಬಾಸ್ಟನ್ ನಗರದಲ್ಲಿ ಆತನ ಜನನವಾಯಿತು. ತಂದೆ ಜೋಸಾಯನು ಮೇಣದಬತ್ತಿ, ಸಾಬೂನು ಮಾಡಿ ಮಾರುತ್ತಿದ್ದ ಬಡವ್ಯಾಪಾರಿ. 17 ಮಕ್ಕಳ ಸಂಸಾರ. ಬೆಂಜಮಿನನ ಶಾಲೆಯು ಎರಡೇ ವರ್ಷಗಳಲ್ಲಿ ಮುಗಿಯಿತು. ಹತ್ತನೆಯ ವಯಸ್ಸಿಗೆ ತಂದೆಯ ಅಂಗಡಿಯಲ್ಲಿ ಬತ್ತಿ ಕತ್ತರಿಸುವ ಕೆಲಸಕ್ಕೆ ನಿಂತನು. ಅದು ಅವನಿಗೆ ಹಿಡಿಸಲಿಲ್ಲ. ಹುಡುಗನು ಹಡಗು ಹತ್ತಿ ಹೋದಾನೆಂಬ ಭಯದಿಂದ ತಂದೆಯು ಅವನನ್ನು ಬಡಗಿ, ಗಾರೆಯವ, ಕಂಚುಗಾರ ಮುಂತಾದವರು ದುಡಿಯುವ ಸ್ಥಳಗಳಿಗೆ ಕರೆದೊಯ್ದು, ಯಾವ ಕಸಬಿನತ್ತ ಮನಸ್ಸು ವಾಲುವುದೆಂದು ಪರೀಕ್ಷಿಸಿದನು. ಕಡೆಗೆ ಚೂರಿ ಕತ್ತರಿಗಳ ಕೆಲಸಕ್ಕೆಂದು ದಾಯಾದಿಯೊಬ್ಬನಲ್ಲಿ ಬಿಟ್ಟುದಾಯಿತು. ಆ ಮನುಷ್ಯನು ಕೆಲಸ ಕಲಿಸಲು ಶುಲ್ಕ ಕೇಳಿದನು. ತಂದೆಯು ಬೇಸರಗೊಂಡು ಮಗನನ್ನು ಮರಳಿ ಕರೆತಂದನು.

ಆ ಕಾಲದ ಪದ್ಧತಿಯೇ ಹಾಗಿತ್ತು. ಹುಡುಗನು ದುಡಿಯುವುದಲ್ಲದೆ ತಂದೆಯು ಹಣವನ್ನೂ ತೆರಬೇಕಾಗುತ್ತಿತ್ತು. ಹಣವಿಲ್ಲದವರಿಗೆ ಉಳಿಯುತ್ತಿದ್ದುದು ದೀರ್ಘಕಾಲದ ಕರಾರು. ಇಂಗ್ಲೆಂಡಿನಿಂದ ಮುದ್ರಣಯಂತ್ರವನ್ನು ತಂದಿದ್ದ ಅಣ್ಣ ಜೇಮ್ಸನಲ್ಲಿ ಬೆಂಜಮಿನನು 1718ರಲ್ಲಿ, ತನ್ನ 12ನೆಯ ವಯಸ್ಸಿನಲ್ಲಿ, ಅಂತಹ ಕರಾರಿಗೇ ರುಜು ಹಾಕಿದನು. 21 ತುಂಬುವವರೆಗೆ ಸೇವೆ. ಕಲಿತ ಕೆಲಸಗಾರನ ಕೂಲಿ ದೊರೆಯುವುದು ಕಟ್ಟಕಡೆಯ ಒಂದೇ ವರ್ಷ. ಊಟ, ವಸತಿ ಕೊಟ್ಟೆವಲ್ಲ ಎಂದು ಸಂಬಳದ ಮಾತನ್ನು ಮುಂದಕ್ಕೆ ತಳ್ಳುತ್ತಿದ್ದ ಧಣಿಗಳನ್ನು ಕಂಡ ನಮ್ಮ ಹೋಟೆಲು ಬಂಧುಗಳಿಗೆ ಈ ಏರ್ಪಾಡು ಅಪರಿಚಿತವೆನಿಸಲಾರದು. ನಮ್ಮ ದೇಶದಲ್ಲಿ 1961ರ ಅಪ್ರೆಂಟಿಸ್ ಕಾಯಿದೆಯು ತರಬೇತಿಯ ಕಾಲದಲ್ಲಿಯೇ ಸ್ಟೈಪೆಂಡ್ ಸಲ್ಲಬೇಕೆಂದು ವಿಧಿಸಿತು. ಫ್ರಾಂಕ್ಲಿನನ ಬಾಸ್ಟನ್ನಿನಲ್ಲಿ ಅಂತಹ ಕಟ್ಟಳೆಯಿರಲಿಲ್ಲ.

ಕೈಯಲ್ಲಿ ಕಾಸಿಲ್ಲದ ಹುಡುಗನು ಓದುವುದೆಂತು? ಪುಸ್ತಕ ವ್ಯಾಪಾರಿಗಳಲ್ಲಿ ಕೆಲಸ ಕಲಿಯುತ್ತಿದ್ದ ಗೆಳೆಯರಿಂದ ಸಂಜೆ ಪುಸ್ತಕವನ್ನು ಕಡ ತಂದು, ರಾತ್ರಿಯೆಲ್ಲ ಕುಳಿತು ಓದಿ, ಬೆಳಗಾಗುವುದರೊಳಗೆ ಮರಳಿಸುತ್ತಿದ್ದನು. ಅವನಿಗೆ ಸುಮಾರು 16 ವರ್ಷವಾದಾಗ ಸಸ್ಯಾಹಾರವನ್ನು ಕುರಿತ ಗ್ರಂಥವೊಂದು ಕೈಗೆ ಸಿಕ್ಕಿತು. ಅವನು ಮಾಂಸವನ್ನು ಬಿಟ್ಟನು. ಜೇಮ್ಸನು ಅವಿವಾಹಿತ, ತನಗೂ ಹುಡುಗರಿಗೂ ಬೇರೊಂದು ಮನೆಯಲ್ಲಿ ಹಣ ತೆತ್ತು ಊಟದ ಏರ್ಪಾಡು ಮಾಡಿದ್ದನು. ಅಲ್ಲಿ ಒಬ್ಬನಿಗಾಗಿ ಬೇರೆ ಅಡಿಗೆ ಮಾಡುವುದು ತೊಡಕಾಯಿತು. ಆಗ ಬೆಂಜಮಿನನು ಅಣ್ಣನ ಮುಂದೆ ಒಂದು ಲೆಕ್ಕವನ್ನಿಟ್ಟನು: ನನ್ನ ಊಟಕ್ಕೆ ನೀನು ವಾರವಾರ ತೆರುವುದರಲ್ಲಿ ಅರ್ಧವನ್ನು ನನಗೇ ಕೊಡು, ನನ್ನ ಊಟವನ್ನು ನಾನು ನೋಡಿಕೊಳ್ಳುತ್ತೇನೆ. ಅಣ್ಣನು ಮರುಮಾತಿಲ್ಲದೆ ಒಪ್ಪಿದನು. ಆಲೂಗೆಡ್ಡೆ, ಅನ್ನ ಬೇಯಿಸಿಕೊಳ್ಳಲು ಹುಡುಗನು ಕಲಿತಿದ್ದನು. ಆ ಅರ್ಧದಲ್ಲಿಯೂ ಅರ್ಧ ಉಳಿಯಿತು; ಉಳಿದುದು ಪುಸ್ತಕವಾಯಿತು. ಮಧ್ಯಾಹ್ನ ಉಳಿದವರು ಊಟಕ್ಕೆ ಹೋದಾಗ ಇವನು ಮುದ್ರಣಾಲಯದಲ್ಲಿಯೇ ಒಂದು ತುಂಡು ರೊಟ್ಟಿ, ಹಿಡಿ ದ್ರಾಕ್ಷಿ, ಒಂದು ಲೋಟ ನೀರಿನಲ್ಲಿ ಹೊಟ್ಟೆಯನ್ನು ಸಮಾಧಾನಗೊಳಿಸಿ ಓದಲು ಕೂಡುವನು. ಶಾಲೆಯಲ್ಲಿ ಎರಡು ಸಲ ತಪ್ಪಿದ್ದ ಗಣಿತವನ್ನು ಕಲಿತದ್ದು ಈ ದಿನಗಳಲ್ಲಿ. ಹಗಲು ಹೋಟೆಲಿನಲ್ಲಿ ದುಡಿದು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತವರಿಗೆ ಈ ಬಿಡುವಿನ ಬೆಲೆಯನ್ನು ವಿವರಿಸಬೇಕಾಗಿಲ್ಲ. ಗಮನಿಸತಕ್ಕ ಸಂಗತಿಯೆಂದರೆ, ಆ ಹಣವು ಅಲ್ಪವಾದರೂ ಅವನ ಸ್ವಂತದ್ದು. ಅದನ್ನು ಯಾವುದಕ್ಕೆ ವ್ಯಯಿಸಬೇಕೆಂದು ನಿರ್ಧರಿಸುವವನು ಅವನೇ.

ಜೇಮ್ಸನು 1721ರಲ್ಲಿ ಪತ್ರಿಕೆಯೊಂದನ್ನು ತೆಗೆದನು. ಮರುವರ್ಷ ಬೆಂಜಮಿನನು ವಿಧವೆಯೊಬ್ಬಳ ಕಲ್ಪಿತ ಹೆಸರಿನಲ್ಲಿ 14 ಲೇಖನಗಳನ್ನು ಬರೆದು, ರಾತ್ರಿಯಲ್ಲಿ ಮುದ್ರಣಾಲಯದ ಬಾಗಿಲ ಸಂದಿನಿಂದ ತೂರಿಸಿದನು. ಬರೆದವನು ತಮ್ಮನೆಂದು ತಿಳಿಯದೆಯೇ ಅಣ್ಣನು ಅಚ್ಚುಹಾಕಿದನು. ಆದರೂ ಅಣ್ಣನಿಗೆ ಅವನು ಅಪ್ರೆಂಟಿಸನೇ; ಮಾತಿಗೆ ಮಾತು ಬೆಳೆದಾಗ ಹೊಡೆತವೂ ಬೀಳುತ್ತಿತ್ತು. 1723ರಲ್ಲಿ ಸರಕಾರವು ಜೇಮ್ಸನಿಗೆ ಪತ್ರಿಕೆಯನ್ನು ಹೊರಡಿಸಕೂಡದೆಂದು ನಿರ್ಬಂಧ ಹಾಕಿತು. ತಮ್ಮನ ಹೆಸರಿನಲ್ಲಿ ಪತ್ರಿಕೆಯನ್ನು ನಡೆಸುವುದಕ್ಕಾಗಿ ಹಳೆಯ ಕರಾರನ್ನು ರದ್ದುಮಾಡಿ, ಗುಟ್ಟಾಗಿ ಹೊಸದೊಂದನ್ನು ಬರೆಸಿಕೊಂಡನು. ಗುಟ್ಟಿನ ಕರಾರನ್ನು ಅಣ್ಣನು ಹೊರಗೆ ತೋರಿಸುವಂತಿಲ್ಲವೆಂಬುದನ್ನು ಅರಿತ ತಮ್ಮನು ಹೊರಟುಬಿಟ್ಟನು. ಊರಿನ ಬೇರೆ ಮುದ್ರಕರು ಇವನಿಗೆ ಕೆಲಸ ಕೊಡದಂತೆ ಅಣ್ಣನು ತಡೆದಿದ್ದನು. ಆದ್ದರಿಂದ ಹುಡುಗನು ಕೆಲವು ಪುಸ್ತಕಗಳನ್ನು ಮಾರಿ, ಹಡಗು ಹತ್ತಿ, ನ್ಯೂಯಾರ್ಕಿನ ಮಾರ್ಗವಾಗಿ ಫಿಲಡೆಲ್ಫಿಯ ನಗರವನ್ನು ಸೇರಿದನು. ಆಗ ಅವನಿಗೆ 17 ವರ್ಷ.

ಅಲ್ಲಿ ಕೀಮರ್ ಎಂಬ ಮುದ್ರಕನಲ್ಲಿ ಒಳ್ಳೆಯ ಸಂಬಳ ದೊರೆಯಿತು. ನಡುವೆ ಲಂಡನ್ನಿನಲ್ಲಿ ದುಡಿದು 1726ರಲ್ಲಿ ಮರಳಿದ ಮೇಲೆ ಆ ಸಂಬಳದ ಮರ್ಮವು ತಿಳಿಯಿತು. ಕೀಮರನು ಕೆಲಸ ತಿಳಿಯದವರನ್ನು ಅಗ್ಗದ ಕೂಲಿಗೆ ಸೇರಿಸಿಕೊಂಡಿದ್ದನು. ಅವರನ್ನು ಫ್ರಾಂಕ್ಲಿನನಿಂದ ತಯಾರುಮಾಡಿಸಿ, ಆಮೇಲೆ ಫ್ರಾಂಕ್ಲಿನನನ್ನು ಬಿಡುವ ಹಂಚಿಕೆ. ಗೊತ್ತಾದರೂ ಫ್ರಾಂಕ್ಲಿನನು ಅವರಿಗೆ ಮನಸ್ಸಿಟ್ಟು ಕಲಿಸಿದನು. 1728ರಲ್ಲಿ ಪಾಲುದಾರನೊಡನೆ ಸ್ವಂತ ಮುದ್ರಣಾಲಯವನ್ನು ತೆರೆದನು. ಇಬ್ಬರು ಮಿತ್ರರು ಕೊಟ್ಟ ಸಾಲದಿಂದ ಅದು ನಿಂತಿತು. 42ನೆಯ ವಯಸ್ಸಿಗೆ ವ್ಯಾಪಾರದಿಂದ ನಿವೃತ್ತನಾಗುವಷ್ಟು ಸ್ಥಿತಿವಂತನಾದನು. ಅನಂತರದ ರಾಜಕೀಯ ಜೀವನವು ಇತಿಹಾಸದ ಪುಟಗಳಲ್ಲಿದೆ.

ಆತನನ್ನು ದೇವರೆಂದು ಕೂಡಿಸುವುದು ಬೇಡ. ಸ್ವತಃ ಓಡಿಬಂದವನ ಪತ್ರಿಕೆಯಲ್ಲಿ ಓಡಿಹೋದ ಅಪ್ರೆಂಟಿಸರನ್ನೂ ಗುಲಾಮರನ್ನೂ ಹಿಡಿದುಕೊಡಿರೆಂಬ ಜಾಹೀರಾತುಗಳು ಅಚ್ಚಾದವು. ಆತನ ಮನೆಯಲ್ಲಿ ಗುಲಾಮರೂ ಇದ್ದರು. ಗುಲಾಮಗಿರಿಯನ್ನು ತೊಡೆಯುವ ಸಂಘಕ್ಕೆ ಅಧ್ಯಕ್ಷನಾದದ್ದು 1787ರಲ್ಲಿ, ಮುಪ್ಪಿನಲ್ಲಿ. ಅಣ್ಣನ ಋಣವನ್ನಂತೂ ಮರೆಯಲಿಲ್ಲ. ಜೇಮ್ಸನು 1735ರಲ್ಲಿ ತೀರಿಕೊಂಡ ಮೇಲೆ ಅವನ ಮಗನನ್ನು ಕರೆತಂದು, ಮೊದಲು ಕೆಲವು ವರ್ಷ ಶಾಲೆಗೆ ಕಳುಹಿಸಿ, ಆಮೇಲೆ ಕಸಬನ್ನು ಕಲಿಸಿ, ಹೊಸ ಅಚ್ಚಿನ ಮೊಳೆಗಳನ್ನು ಕೊಟ್ಟು ತಾಯಿಯ ಮುದ್ರಣಾಲಯಕ್ಕೆ ಕಳುಹಿಸಿದನು.

1789ರಲ್ಲಿ ಮರಣಪತ್ರಕ್ಕೆ ಒಂದು ಅನುಬಂಧವನ್ನು ಸೇರಿಸಿ, ಬಾಸ್ಟನ್ನಿಗೂ ಫಿಲಡೆಲ್ಫಿಯಕ್ಕೂ ತಲಾ 1000 ಪೌಂಡು ಬಿಟ್ಟನು. ಅಪ್ರೆಂಟಿಸ್ ಅವಧಿಯನ್ನು ಸರಿಯಾಗಿ ಮುಗಿಸಿದ, 25 ವರ್ಷದೊಳಗಿನ, ವಿವಾಹಿತ ಕಸಬುದಾರರಿಗೆ 15ರಿಂದ 60 ಪೌಂಡಿನವರೆಗೆ ಸಾಲ; ಬಡ್ಡಿ ನೂರಕ್ಕೆ 5; ತೀರಿಸಲು ಹತ್ತು ವರ್ಷದ ಕಂತು. ಕರಾರನ್ನು ಮುರಿದು ಬಂದು, 22ನೆಯ ವಯಸ್ಸಿನಲ್ಲಿ ಮದುವೆಯಿಲ್ಲದೆ ಮುದ್ರಣಾಲಯವನ್ನು ತೆರೆದ ಫ್ರಾಂಕ್ಲಿನನಿಗೆ ಈ ಸಾಲವು ಹುಟ್ಟುತ್ತಿರಲಿಲ್ಲ! 1790ರ ಏಪ್ರಿಲ್ 17ರಂದು ಆತನು ನಿಧನನಾದನು. ಮುಂದಿನ ಶತಮಾನದಲ್ಲಿ ಕಾರ್ಖಾನೆಗಳು ಬಂದು ಹಳೆಯ ಅಪ್ರೆಂಟಿಸ್ ಪದ್ಧತಿಯೇ ಕ್ಷೀಣಿಸಿತು. ಸಾಲ ಕೇಳುವವರು ವಿರಳರಾದರು. ಹಣವು ಬೆಳೆಯುತ್ತಲೇ ಇದ್ದಿತು. 1908ರಲ್ಲಿ ಬಾಸ್ಟನ್ನಿನ ಪಾಲಿನಿಂದ ಕಸಬು ಕಲಿಸುವ ವಿದ್ಯಾಲಯವೊಂದು ತೆರೆಯಿತು. 200 ವರ್ಷಗಳ ಗಡುವು 1990ರಲ್ಲಿ ಮುಗಿದಾಗ ಫಿಲಡೆಲ್ಫಿಯದ ನಿಧಿಯಲ್ಲಿ ಸುಮಾರು 20 ಲಕ್ಷ ಡಾಲರುಗಳಿದ್ದವು. ಅದರಲ್ಲಿ ಒಂದು ಭಾಗವನ್ನು, ಹೈಸ್ಕೂಲು ಮುಗಿಸಿ ಕಸಬು ಕಲಿಯಹೊರಟ ವಿದ್ಯಾರ್ಥಿಗಳ ವಿದ್ಯಾರ್ಥಿವೇತನಕ್ಕೆಂದು ತೆಗೆದಿರಿಸಿದರು.