ಎದೆಯ ದನಿಗೆ ಕಿವಿಗೊಟ್ಟ ವೈದ್ಯ

ಮಕ್ಕಳೇ, ಚಳಿಗಾಲದಲ್ಲಿ ತಾಳವಾಡಿಯ ಬೆಟ್ಟಗಳ ಮೇಲೆ ಮಂಜು ಕವಿಯುತ್ತದೆ. ಆಗ ಹಲವರಿಗೆ ನೆಗಡಿ, ಕೆಮ್ಮು ಬರುತ್ತವೆ. ಹೆಚ್ಚಿನವು ತಾವಾಗಿಯೇ ವಾಸಿಯಾಗುತ್ತವೆ. ಆದರೆ ಕೆಲವೊಮ್ಮೆ ಅದು ನ್ಯುಮೋನಿಯಾ ಆಗಿರಬಹುದು. ಈ ರೋಗದಲ್ಲಿ ಶ್ವಾಸಕೋಶದ ಪುಟ್ಟ ಗಾಳಿಚೀಲಗಳಲ್ಲಿ ಕೀವು, ನೀರು ತುಂಬಿಕೊಳ್ಳುತ್ತವೆ. ರೋಗಿಗೆ ಉಸಿರು ಸಾಲದಾಗುತ್ತದೆ. ಎದೆಯೊಳಗೆ ನಡೆಯುವ ಇದನ್ನು ವೈದ್ಯರು ಹೇಗೆ ತಿಳಿಯುತ್ತಾರೆ? ಅವರ ಕೊರಳಲ್ಲಿರುವ ಸ್ಟೆತೊಸ್ಕೋಪ್ ನೆರವಾಗುತ್ತದೆ. ಅದನ್ನು ಕಂಡುಹಿಡಿದವರು ರೆನೆ ಲೆನೆಕ್.

ಲೆನೆಕ್ 1781ರಲ್ಲಿ ಫ್ರಾನ್ಸ್ ದೇಶದ ಕೆಂಪೆರ್ ಎಂಬ ಊರಿನಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡರು. ವೈದ್ಯರಾಗಿದ್ದ ಚಿಕ್ಕಪ್ಪನ ಆಸರೆಯಲ್ಲಿ ಬೆಳೆದು, ತಾವೂ ವೈದ್ಯರಾದರು. ಅವರಿಗೆ ಕೊಳಲು ನುಡಿಸುವುದೆಂದರೆ ಬಹಳ ಇಷ್ಟ.

ಆ ಕಾಲದ ವೈದ್ಯರು ರೋಗಿಯ ಎದೆಗೆ ನೇರವಾಗಿ ಕಿವಿಯಿಟ್ಟು ಆಲಿಸುತ್ತಿದ್ದರು. 1816ರಲ್ಲಿ ಪ್ಯಾರಿಸ್ ನಗರದಲ್ಲಿ ಒಬ್ಬ ತರುಣಿ ಲೆನೆಕ್ ಅವರ ಬಳಿಗೆ ಬಂದಳು. ಅವಳ ಎದೆಗೆ ಕಿವಿಯಿಡಲು ಅವರಿಗೆ ಸಂಕೋಚವಾಯಿತು. ಆಗ ಅವರಿಗೆ ಒಂದು ವಿಷಯ ನೆನಪಾಯಿತು. ಮರದ ತೊಲೆಯ ಒಂದು ತುದಿಯನ್ನು ಸೂಜಿಯಿಂದ ಗೀಚಿದರೆ, ಇನ್ನೊಂದು ತುದಿಗೆ ಕಿವಿಯಿಟ್ಟವರಿಗೆ ಅದು ಕೇಳಿಸುತ್ತದೆ. ಕೂಡಲೇ ಅವರು ಕಾಗದಗಳನ್ನು ಬಿಗಿಯಾಗಿ ಸುತ್ತಿ, ಒಂದು ತುದಿಯನ್ನು ಎದೆಗೂ ಇನ್ನೊಂದನ್ನು ಕಿವಿಗೂ ಹಿಡಿದರು. ಹೃದಯದ ಬಡಿತ ಹಿಂದೆಂದಿಗಿಂತ ಸ್ಪಷ್ಟವಾಗಿ ಕೇಳಿಸಿತು!

ಅನಂತರ ಅವರು ಮರದಿಂದ ಸುಮಾರು ಒಂದು ಅಡಿ ಉದ್ದದ ಕೊಳವೆಯನ್ನು ತಾವೇ ಕಡೆದು ಮಾಡಿದರು. ಮೂರು ವರ್ಷ ಬಿಡದೆ ರೋಗಿಗಳ ಎದೆಯನ್ನು ಆಲಿಸಿ, ಯಾವ ಸದ್ದಿಗೆ ಯಾವ ರೋಗ ಎಂದು ಬರೆದಿಟ್ಟರು. ನ್ಯುಮೋನಿಯಾ ಆರಂಭವಾದಾಗ ಬಿಸಿ ಬಾಣಲೆಯಲ್ಲಿ ಉಪ್ಪು ಸಿಡಿದಂತಹ ಚಟಪಟ ಸದ್ದು ಕೇಳುತ್ತದೆ ಎಂಬುದನ್ನು ಗುರುತಿಸಿದರು. 1819ರಲ್ಲಿ ಇವೆಲ್ಲವೂ ಪುಸ್ತಕವಾಗಿ ಹೊರಬಂದವು.

ಆಗ ಈ ರೋಗಗಳಿಗೆ ಸರಿಯಾದ ಮದ್ದು ಇರಲಿಲ್ಲ. ಆದರೂ ಲೆನೆಕ್ ರೋಗಿಗಳಿಂದ ದೂರ ಸರಿಯಲಿಲ್ಲ. ಕೊನೆಗೆ ಅವರಿಗೇ ಕ್ಷಯರೋಗ ತಗುಲಿತು. 1826ರಲ್ಲಿ, 45ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ತಮ್ಮ ಕೊಳವೆಯನ್ನು, ವೈದ್ಯನಾಗಿದ್ದ ಸೋದರ ಸಂಬಂಧಿಗೆ ಬಿಟ್ಟುಹೋದರು.

ಇಂದು ನ್ಯುಮೋನಿಯಾಕ್ಕೆ ಮದ್ದು ಇದೆ. ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ವೈದ್ಯರು ಮೊದಲು ರೋಗಿಯ ಉಸಿರನ್ನು ಎಣಿಸುತ್ತಾರೆ. ಬೆರಳಿಗೆ ಪುಟ್ಟ ಸಾಧನ ಸಿಕ್ಕಿಸಿ ರಕ್ತದಲ್ಲಿರುವ ಆಮ್ಲಜನಕವನ್ನು ಅಳೆಯುತ್ತಾರೆ. ಎದೆಯನ್ನು ಆಲಿಸಿ, ಎಕ್ಸ್‌ರೇ ತೆಗೆಸುತ್ತಾರೆ. ಬೇಕಾದವರಿಗೆ ಆಮ್ಲಜನಕ ಕೊಟ್ಟು, ರೋಗಾಣುಗಳನ್ನು ಕೊಲ್ಲುವ ಔಷಧವನ್ನು ಬೇಗನೆ ಆರಂಭಿಸುತ್ತಾರೆ.

ತಾಳವಾಡಿಯಿಂದ ಸತ್ಯಮಂಗಲಕ್ಕೆ ಹೋಗಲು ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯಬೇಕು. ಆದುದರಿಂದ ತಡಮಾಡಬಾರದು. ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮಿನೊಡನೆ ಏದುಸಿರು ಬಂದರೆ ಕೂಡಲೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಲು ಹಿರಿಯರಿಗೆ ಹೇಳಿ. ಅಜ್ಜ ಅಜ್ಜಿಯರಿಗೆ ಜ್ವರವಿಲ್ಲದೆ ಬರೀ ಮಂಕು ಕವಿದರೂ ಅಲಕ್ಷ್ಯ ಮಾಡಬೇಡಿ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಅಲ್ಲಿನ ವೈದ್ಯರು ಎದೆಗೆ ಸ್ಟೆತೊಸ್ಕೋಪ್ ಇಟ್ಟಾಗ ಲೆನೆಕ್ ಅವರನ್ನು ನೆನೆಯಿರಿ.