ನೊಂದವರಿಗೆ ತವರಾದ ತಾಯಿ



ಪಡಸಾಲೆಯಲ್ಲಿ ಪೂಜೆ ನಡೆದಿರುತ್ತದೆ. ಒಳಮನೆಯಲ್ಲಿ ಹೆಣ್ಣುಮಗಳೊಬ್ಬಳು ಪೆಟ್ಟು ತಿಂದು ಅಳುತ್ತಿರುತ್ತಾಳೆ. ಅಂತಹ ಮನೆಯ ಪೂಜೆ ಪರಮಾತ್ಮನಿಗೆ ಸಲ್ಲುವುದೆಂದು ನಾವು ನಂಬುವುದಿಲ್ಲ. ಹೆಣ್ಣನ್ನು ಹಿಂಸಿಸುವುದು ಒಂದು ಪಾಪ. ನೊಂದು ಬಂದವಳನ್ನು ಬಾಗಿಲಲ್ಲಿಯೇ ನಿಲ್ಲಿಸಿ, ತಪ್ಪು ಅವಳದೇ ಇರಬೇಕೆಂದು ವಿಚಾರಣೆ ಮಾಡುವುದು ಇನ್ನೊಂದು ಪಾಪ. ಈ ಎರಡನೆಯ ಪಾಪದಿಂದ ಸಮಾಜವನ್ನು ಪಾರುಮಾಡಲು ತಮ್ಮ ಮನೆಯ ಬಾಗಿಲನ್ನೇ ತೆರೆದಿಟ್ಟ ಮಹಾತಾಯಿಯೊಬ್ಬರನ್ನು ಇಂದು ಸ್ಮರಿಸೋಣ. ಅವರೇ ಸಾವಿತ್ರಿಬಾಯಿ ಫುಲೆ.

ಸಾವಿತ್ರಿಬಾಯಿಯವರು 1831ರ ಜನವರಿ 3ರಂದು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ನಾಯಗಾಂವದಲ್ಲಿ ಜನಿಸಿದರು. ಒಂಬತ್ತನೆಯ ವಯಸ್ಸಿಗೆ ಜ್ಯೋತಿರಾವ್ ಫುಲೆಯವರ ಕೈಹಿಡಿದು ಪುಣೆಗೆ ಬಂದಾಗ ಅವರಿಗೆ ಅಕ್ಷರದ ಪರಿಚಯವಿರಲಿಲ್ಲ. ಪತಿಯೇ ಗುರುವಾದರು. 1848ರಲ್ಲಿ ದಂಪತಿಗಳು ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದರು. ಪಾಠ ಹೇಳಲು ಹೋಗುವ ಈ ಹೆಣ್ಣುಮಗಳ ಮೇಲೆ ಬೀದಿಯ ಜನ ಸೆಗಣಿ, ಕೆಸರು, ಕಲ್ಲು ಎಸೆದರು. ಆಕೆ ಇನ್ನೊಂದು ಸೀರೆಯನ್ನು ಜೊತೆಗೆ ಒಯ್ದು, ಶಾಲೆಯಲ್ಲಿ ಉಟ್ಟು ಪಾಠ ಮಾಡಿದರು. ಜನರ ನಿಂದೆಗೆ ಅಂಜಿದ ಮಾವನವರು 1849ರಲ್ಲಿ ಮಗ ಸೊಸೆಯರನ್ನು ಮನೆಯಿಂದ ಹೊರಹಾಕಿದರು. ನೆಲೆ ತಪ್ಪಿದವರ ಸಂಕಟವನ್ನು ಆ ತಾಯಿ ಸ್ವತಃ ಉಂಡು ಬಲ್ಲವರು.

ಆ ಕಾಲದಲ್ಲಿ ಮೇಲ್ಜಾತಿಗಳೆನಿಸಿಕೊಂಡವರಲ್ಲಿ ಎಳೆಯ ಹುಡುಗಿಯರನ್ನು ವಯಸ್ಸಾದವರಿಗೆ ಕೊಟ್ಟು ಮದುವೆ ಮಾಡುವ ರೂಢಿಯಿತ್ತು. ಗಂಡ ತೀರಿಕೊಂಡರೆ ಮರುಮದುವೆಯಿಲ್ಲ. ತಲೆ ಬೋಳಿಸಿ ಮೂಲೆಗೆ ಕೂಡಿಸುತ್ತಿದ್ದರು. ಅಂತಹ ಅಸಹಾಯಕ ವಿಧವೆಯರನ್ನು ಬಂಧುಗಳೋ ನೆರೆಯವರೋ ಕೆಡಿಸುವುದಿತ್ತು. ಗರ್ಭ ನಿಂತರೆ ಕೆಡಿಸಿದವನು ಮರ್ಯಾದಸ್ಥನಾಗಿ ಊರಲ್ಲಿ ತಿರುಗುವನು; ಹೆಣ್ಣಿಗೆ ಉಳಿಯುತ್ತಿದ್ದುದು ಬಾವಿ, ಇಲ್ಲವೆ ಹಸುಗೂಸಿನ ಕೊಲೆ. 1863ರಲ್ಲಿ ಪುಣೆಯ ಒಬ್ಬ ಬ್ರಾಹ್ಮಣ ವಿಧವೆ ಹೀಗೆಯೇ ಮೋಸಹೋಗಿ, ಹೆತ್ತ ಕೂಸನ್ನು ಕೊಂದಳು. ನ್ಯಾಯಾಲಯ ಆಕೆಯನ್ನು ಜೀವಾವಧಿ ಅಂಡಮಾನಿಗೆ ಅಟ್ಟಿತು.

ಈ ಸುದ್ದಿ ದಂಪತಿಗಳ ಕರುಳನ್ನು ಕಲಕಿತು. ಅದೇ ವರ್ಷ ಅವರು ತಮ್ಮ ಮನೆಯಲ್ಲಿಯೇ ಬಾಲಹತ್ಯಾ ಪ್ರತಿಬಂಧಕ ಗೃಹವನ್ನು ಆರಂಭಿಸಿದರು. ವಿಧವೆಯರು ಇಲ್ಲಿಗೆ ಬಂದು ಗುಟ್ಟಾಗಿ, ಸುರಕ್ಷಿತವಾಗಿ ಹೆರಿಗೆ ಮಾಡಿಸಿಕೊಳ್ಳಬಹುದು. ಕೂಸನ್ನು ಒಯ್ಯುವುದೂ ಬಿಟ್ಟುಹೋಗುವುದೂ ಅವರ ಇಚ್ಛೆ ಎಂದು ಊರಲ್ಲಿ ಭಿತ್ತಿಪತ್ರ ಹಚ್ಚಿಸಿದರು. 1884ರ ಹೊತ್ತಿಗೆ 35 ವಿಧವೆಯರು ಅಲ್ಲಿ ಆಸರೆ ಪಡೆದಿದ್ದರು. ಅವರ ಬಾಣಂತನವನ್ನು ತವರಿನ ತಾಯಿಯಂತೆ ಮಾಡಿದವರು ಸಾವಿತ್ರಿಬಾಯಿ. 1874ರಲ್ಲಿ ಹಾಗೆ ಬಂದ ಕಾಶೀಬಾಯಿ ಎಂಬಾಕೆಯ ಕೂಸನ್ನು ಮಕ್ಕಳಿಲ್ಲದ ದಂಪತಿಗಳು ದತ್ತು ತೆಗೆದುಕೊಂಡು ಯಶವಂತನೆಂದು ಹೆಸರಿಟ್ಟರು. ಲೋಕ ಯಾವ ಕೂಸನ್ನು ಕಳಂಕವೆಂದಿತೋ ಅದೇ ಕೂಸು ಆ ಮನೆಯ ವಂಶದ ಕುಡಿಯಾಯಿತು.

1868ರಲ್ಲಿ ಸಾವಿತ್ರಿಬಾಯಿಯವರು ತವರಿನಲ್ಲಿದ್ದಾಗ ಇನ್ನೊಂದು ಘಟನೆ ನಡೆಯಿತು. ಬ್ರಾಹ್ಮಣ ಯುವಕನೊಬ್ಬನೂ ದಲಿತ ಯುವತಿಯೊಬ್ಬಳೂ ಪ್ರೀತಿಸಿದ್ದರು, ಯುವತಿ ಗರ್ಭಿಣಿ. ಊರವರು ಇಬ್ಬರನ್ನೂ ಬೀದಿಯಲ್ಲಿ ಹೊಡೆಯುತ್ತ ಕೊಲ್ಲಲು ಒಯ್ಯುತ್ತಿದ್ದರು. ಸುದ್ದಿ ಕೇಳಿ ಧಾವಿಸಿದ ಆ ತಾಯಿ, ಕೊಂದವರಿಗೆ ಸರಕಾರದ ಶಿಕ್ಷೆ ತಪ್ಪದೆಂದು ಎಚ್ಚರಿಸಿ ಗುಂಪನ್ನು ತಡೆದರು. ಆ ಜೋಡಿಯನ್ನು ಪುಣೆಗೆ ಪತಿಯ ಬಳಿಗೆ ಕಳುಹಿಸಿಕೊಟ್ಟರು. ಊರೆಲ್ಲ ಒಂದಾಗಿ ನಿಂತಾಗ ಅನ್ಯಾಯವನ್ನು ಅನ್ಯಾಯವೆನ್ನಲು ಎಂಟೆದೆ ಬೇಕು. ಅದು ಅವರಲ್ಲಿತ್ತು.

1890ರಲ್ಲಿ ಜ್ಯೋತಿರಾವ್ ಲಿಂಗೈಕ್ಯರಾದಂತೆ ಶಾಂತರಾಗಿ ಕಣ್ಮುಚ್ಚಿದರು. ಅಂತ್ಯಯಾತ್ರೆಯಲ್ಲಿ ಮಡಕೆ ಹಿಡಿದು ಮುಂದೆ ನಡೆದವರು ಸಾವಿತ್ರಿಬಾಯಿಯವರೇ. 1897ರಲ್ಲಿ ಪುಣೆಗೆ ಪ್ಲೇಗು ಬಂದಾಗ, ವೈದ್ಯನಾಗಿದ್ದ ಮಗನೊಡನೆ ರೋಗಿಗಳ ಸೇವೆಗೆ ನಿಂತರು. ರೋಗ ತಗಲಿದ ದಲಿತ ಬಾಲಕನೊಬ್ಬನನ್ನು ಬೆನ್ನ ಮೇಲೆ ಹೊತ್ತು ತಂದರು. ಆ ರೋಗ ಅವರಿಗೂ ತಗಲಿ, ಮಾರ್ಚ್ 10ರಂದು ದೇಹ ಬಿಟ್ಟರು.

ಭಕ್ತರೇ, ಈ ಚರಿತ್ರೆಯನ್ನು ಕೇಳಿ ಕೈಮುಗಿದರೆ ಸಾಲದು. ಗಂಡನ ಮನೆಯ ಏಟು ತಾಳಲಾರದೆ ಬಂದ ಮಗಳಿಗೆ ಹೊಂದಿಕೊಂಡು ಹೋಗು ಎಂದು ಬುದ್ಧಿ ಹೇಳಿ ಬಸ್ಸು ಹತ್ತಿಸುವ ತಂದೆತಾಯಿಗಳು ಇಂದಿಗೂ ಇದ್ದಾರೆ. ಹಿರಿಯರು ಕೂತು ಮಾಡುವ ರಾಜಿಯೂ ಎಷ್ಟೋ ಸಲ ಅವಳೊಬ್ಬಳ ಮೇಲಿನ ಹೊರೆಯೇ ಆಗುತ್ತದೆ. ಮನೆತನದ ಮರ್ಯಾದೆ ಅವಳ ಮೌನದಲ್ಲಿಲ್ಲ. ಮರ್ಯಾದೆ ಕಳೆದದ್ದು ಹೊಡೆದವನು, ಪೆಟ್ಟು ತಿಂದವಳಲ್ಲ.

ಸಾವಿತ್ರಿಬಾಯಿಯವರ ಕಾಲದಲ್ಲಿ ಇಲ್ಲದ ಆಸರೆ ಇಂದು ಇದೆ. ಕೌಟುಂಬಿಕ ಹಿಂಸೆಯನ್ನು ತಡೆಯಲು 2005ರಲ್ಲಿ ಕಾಯಿದೆಯಾಗಿದೆ. ಅದರ ಪ್ರಕಾರ ಬಡಿತವಷ್ಟೇ ಅಲ್ಲ, ಬೈಗುಳ, ಬೆದರಿಕೆ, ಖರ್ಚಿಗೆ ಕೊಡದೆ ಪೀಡಿಸುವುದೂ ಹಿಂಸೆಯೇ. ವಾಸವಿದ್ದ ಮನೆಯಲ್ಲಿ ಇರುವ ಹಕ್ಕು ಆಕೆಗಿದೆ. ದೂರು ಕೇಳಲು ಸಂರಕ್ಷಣಾಧಿಕಾರಿಗಳಿದ್ದಾರೆ. 181 ಮಹಿಳಾ ಸಹಾಯವಾಣಿಯ ಸಂಖ್ಯೆ. ಈ ಸಂಖ್ಯೆಯನ್ನು ಮನೆಯ ಹೆಣ್ಣುಮಕ್ಕಳಿಗೆಲ್ಲ ತಿಳಿಸಿರಿ. ಆದರೆ ಕಾಯಿದೆಯ ಬಾಗಿಲು ತಟ್ಟುವ ಮುನ್ನ ಆಕೆ ತಟ್ಟುವುದು ನಿಮ್ಮ ಬಾಗಿಲನ್ನು. ಆಗ ಮೊದಲು ಒಳಗೆ ಕರೆಯಿರಿ, ನೀರು ಕೊಡಿರಿ, ಅವಳ ಮಾತನ್ನು ನಂಬಿ ಕೇಳಿರಿ. ಹೆಣ್ಣುಮಕ್ಕಳು ನಿರ್ಭಯವಾಗಿ ಬಾಳುವ ಮನೆಗಳು ನಿಮ್ಮವಾಗಲೆಂದು ನಾವು ಹಾರೈಸುತ್ತೇವೆ.